ಖಾಲಿ ಅರ್ಜಿಯ ಮೇಲಿನ ಸಹಿ

ಹದಿನಾರರ ಮಕ್ಕಳಿಂದ ಅವರ ತೀರ್ಮಾನವನ್ನು ಕಸಿದುಕೊಂಡವರು ನೀವು, ಮಳವಳ್ಳಿಯ ನಮ್ಮ ಪದವಿಪೂರ್ವ ಕಾಲೇಜಿನ ಆಡಳಿತ ಮಂಡಳಿಯ ಹಿರಿಯರು. ನಿಮ್ಮ ಪರವಾಗಿ ಅವರ ಕೈಗೆ ಪೆನ್ನು ಕೊಟ್ಟವಳು ನಾನು, ಅಲ್ಲಿ ತರ್ಕಶಾಸ್ತ್ರ ಕಲಿಸುವ ಅತಿಥಿ ಉಪನ್ಯಾಸಕಿ.

ನಮ್ಮಲ್ಲಿ ದಾಖಲಾತಿಯ ಪದ್ಧತಿ ವಿಚಿತ್ರವಾದುದು. ಮಕ್ಕಳು ಮೊದಲು ಖಾಲಿ ಅರ್ಜಿಗೆ ಸಹಿ ಹಾಕುತ್ತಾರೆ. ‘ವಿದ್ಯಾರ್ಥಿಯ ಆಯ್ಕೆ’ ಎಂಬ ಜಾಗವನ್ನು ಕಚೇರಿಯವರು ಅಂಕ ನೋಡಿಕೊಂಡು ಆಮೇಲೆ ತುಂಬುತ್ತಾರೆ. ಹೆಚ್ಚು ಅಂಕದವರು ವಿಜ್ಞಾನಕ್ಕೆ, ಉಳಿದವರು ಉಳಿದದ್ದಕ್ಕೆ. ಕಳೆದ ವಾರ ಸಾಲಿನಲ್ಲಿದ್ದ ಪೂರಿಗಾಲಿಯ ಹುಡುಗಿಯೊಬ್ಬಳು ಪೆನ್ನು ತೆಗೆದುಕೊಳ್ಳಲಿಲ್ಲ.

“ಮೇಡಂ, ಏನೂ ಬರ್ದೇ ಇಲ್ವಲ್ಲ, ಯಾವುದ್ಕೆ ಸಯಿ ಆಕ್ಲಿ?”

ಹಿಂದಿದ್ದ ಗೆಳತಿ ತಿವಿದಳು: “ಲೇ ಜಡ್ಜಮ್ಮ, ಬಿರ್ನೆ ಆಕು ಕಣೇ, ಬಸ್ಸು ಒಂಟೋಯ್ತದೆ!”

ಸಾಲೆಲ್ಲ ನಕ್ಕಿತು. ಆಧಾರವಿಲ್ಲದ ಮಾತನ್ನು ಒಪ್ಪಬೇಡಿ ಎಂದು ತರಗತಿಯಲ್ಲಿ ಗಂಟಲು ಹರಿದುಕೊಳ್ಳುವ ನಾನು, “ಹಾಕಮ್ಮ, ಆಮೇಲೆ ತುಂಬ್ತಾರೆ” ಎಂದೆ. ಹಾಕಿದಳು.

ನಿನ್ನೆ ತಂದೆಯನ್ನು ಕರೆದುಕೊಂಡು ಪ್ರಾಂಶುಪಾಲರ ಕೊಠಡಿಗೆ ಬಂದಳು. ನನಗೂ ಕರೆ ಬಂತು. ಅವಳಿಗೆ ಬೇಕಿದ್ದದ್ದು ಕಲಾ ವಿಭಾಗ. ಮುಂದೆ ಕಾನೂನು ಓದುವ ಹಟ. ಅರ್ಜಿಯಲ್ಲಿ ವಿಜ್ಞಾನ ಎಂದಿತ್ತು. ಗುಮಾಸ್ತರು ಹಾಳೆಯ ಮೇಲೆ ಬೆರಳಿಟ್ಟು, “ಸಹಿ ನಿಂದೇ ತಾನೇ?” ಎಂದರು.

ತಂದೆ ಮಗಳ ಭುಜ ಹಿಡಿದರು. “ಮೇಷ್ಟ್ರುಗಳು ಬರ್ದವ್ರೆ ಅಂದ್ಮೇಲೆ ಸರಿಯಾಗೇ ಇರ್ತದೆ, ಬುಡವ್ವ.”

“ಬರ್ದೋರು ಅವ್ರು, ಓದ್ಬೇಕಾದೋಳು ನಾನು ಕಣಪ್ಪ.” ಅವಳು ಪ್ರಾಂಶುಪಾಲರತ್ತ ತಿರುಗಿದಳು. “ಮೇಡಂನೇ ಕೇಳಿ ಸಾರ್. ಆವತ್ತು ಆಳೆ ಖಾಲಿ ಇತ್ತು.”

ಪ್ರಾಂಶುಪಾಲರು ನನ್ನತ್ತ ನೋಡಿದರು. ಈ ವರ್ಷದ ನನ್ನ ನೇಮಕದ ಪತ್ರ ಇನ್ನೂ ಸಹಿಯಾಗದೆ ಅವರ ಮೇಜಿನ ಮೇಲಿತ್ತು. ನಾನು ಬಾಯಿ ತೆರೆಯಲಿಲ್ಲ. ಹುಡುಗಿ ತಂದೆಗಿಂತ ಮೊದಲೇ ಹೊರನಡೆದಳು.

ಅಲ್ಲಿ ಹೇಳದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ: ಹಾಳೆ ಖಾಲಿ ಇತ್ತು.

ವಿಭಾಗ ಬದಲಾವಣೆಗೆ ಶನಿವಾರ ಕಡೆಯ ದಿನ. ಅದರೊಳಗೆ ಅವಳ ಅರ್ಜಿಯನ್ನು ಹಿಂದಿರುಗಿಸಿ, ಆಯ್ಕೆಯನ್ನು ಅವಳ ಕೈಯಿಂದಲೇ ಬರೆಸಬೇಕು; ಆ ಸಾಲಿನಲ್ಲಿ ನಿಂತಿದ್ದ ಪ್ರತಿಯೊಬ್ಬರಿಗೂ ಅದೇ ಅವಕಾಶ ಸಿಗಬೇಕು. ಖಾಲಿ ಅರ್ಜಿಗೆ ಸಹಿ ಪಡೆಯಲು ಆದೇಶಿಸಿದವರು ಯಾರೆಂದು ಲಿಖಿತವಾಗಿ ಉತ್ತರಿಸಬೇಕೆಂದು ಕೋರುತ್ತೇನೆ. ಸಹಿ ಪಡೆದ ನನ್ನ ಮೇಲೂ ಕ್ರಮ ಜರುಗಿಸಿ.