ಸಂಬಂಧವಿಲ್ಲದವರು ಬೇಕಾಗಿದ್ದಾರೆ

ನಮ್ಮ ಕಾಕಾನದು ಶಹಾಬಾದದಲ್ಲಿ ಗೋಲಿ ಸೋಡಾ ಕಾರ್ಖಾನೆ. ಕಾರ್ಖಾನೆ ಎಂದರೆ ಮನೆಯ ಮುಂದಿನ ಕೋಣೆ, ಒಂದು ಮಷಿನ್, ಮತ್ತು ಕಾಕಾ. ಬೋರ್ಡಿನ ಮೇಲೆ ‘ಕಂಪನಿ’ ಎಂಬ ಶಬ್ದ ಮಾತ್ರ ಬಾಗಿಲಿಗಿಂತ ಅಗಲವಾಗಿತ್ತು.

ನಾನಾಗ ವಾಡಿಯಲ್ಲಿ ಶಾಲಾ ಶಿಕ್ಷಕಿ. ಊರಿಗೆ ಸೈಬರ್ ಕೆಫೆ ಬಂದ ಕಾಲ. ಭಾನುವಾರ ಅಲ್ಲಿ ಕೂತು ಅಂತರ್ಜಾಲದ ವಿಶ್ವಕೋಶಕ್ಕೆ ಬಿಟ್ಟಿ ಸೇವೆ ಮಾಡುತ್ತಿದ್ದೆ. ಯಾವ ಕಂಪನಿಯ ಬಗ್ಗೆ ಅದರಲ್ಲಿ ಲೇಖನ ಇರಬೇಕು, ಯಾವುದರ ಬಗ್ಗೆ ಬೇಡ ಎಂದು ತೂಗುವವರಲ್ಲಿ ನಾನೂ ಒಬ್ಬಳು. ನಿಯಮದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ನಮ್ಮವ್ವ ಅದನ್ನು ಹಟಮಾರಿತನ ಎನ್ನುತ್ತಿದ್ದಳು.

ಸುದ್ದಿ ಕಾಕಾನ ಕಿವಿಗೆ ಬಿದ್ದದ್ದೇ ತಡ, ಪ್ಯಾಸೆಂಜರ್ ಗಾಡಿ ಹತ್ತಿ ಬಂದ. ಪ್ಲಾಸ್ಟಿಕ್ ಬಾಟಲಿಯ ಬಣ್ಣದ ಪಾನಕಗಳು ಅವನ ಗಿರಾಕಿಗಳನ್ನು ಕಸಿಯುತ್ತಿದ್ದವು.

“ನಮ್ಮ ಕಂಪನಿದೂ ಒಂದು ಬರಿಯವ್ವಾ. ನಾಳೆ ಮಷಿನ್ ಮುಚ್ಚಿದ್ರೂ ಹೆಸರು ಉಳೀತದ,” ಎಂದು ಚೀಲ ಸುರುವಿದ. ‘ಸುಖಾಗಮನ ಬಯಸುವವರು’ ಎಂಬಲ್ಲಿ ಕಂಪನಿಯ ಹೆಸರಿದ್ದ ಲಗ್ನಪತ್ರಿಕೆಗಳು, ತಾನೇ ಛಾಪಿಸಿದ ಕ್ಯಾಲೆಂಡರು. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ!

“ಇವೆಲ್ಲ ನಮ್ಮವರದೇ ಕಾಕಾ. ಸಂಬಂಧ ಇಲ್ಲದವರು ಬರೆದಿರಬೇಕ್ರಿ, ಅದೂ ಪೇಪರಿನ್ಯಾಗ.”

“ಸಂಬಂಧ ಇಲ್ಲದವರಾ? ಶಹಾಬಾದದಾಗಾ?” ಕಾಕಾ ಗಾಬರಿಯಾದ. ಅವನಿಗೆ ಊರೆಲ್ಲ ಅಣ್ಣ, ತಮ್ಮ, ಬೀಗ. ಪೇಪರಿಗೆ ಬರೆಯುವ ವರದಿಗಾರನೊಬ್ಬನಿದ್ದ. ಅವನೋ ಜೀವದ ಗೆಳೆಯ. ದಿನಾ ಸಂಜೆ ಇಬ್ಬರೂ ಮನೆಯ ಕಟ್ಟೆಯ ಮೇಲೆ ಚೌಕಾಬಾರ ಆಡುವವರು.

“ಗೆಳೆಯರು ಬರೆದದ್ದು ನಡಿಯಂಗಿಲ್ರಿ,” ಎಂದೆ.

ಕಾಕಾ ಸ್ವಲ್ಪ ಯೋಚಿಸಿದ. “ಆಯ್ತು. ಸಂಬಂಧ ಕಡಕೊಂತೀನಿ ಬಿಡು.”

ನಾನು ನಕ್ಕು ಮರೆತೆ. ಅವನು ಊರಿಗೆ ಹೋದವನೇ, ಗೆಳೆಯ ಕಳ್ಳತನದಿಂದ ಕಾಯಿ ಸರಿಸಿದನೆಂದು ಓಣಿಗೆಲ್ಲ ಕೇಳುವಂತೆ ಕೂಗಾಡಿ ಮಾತು ಬಿಟ್ಟ. ಗೆಳೆಯನಿಗೆ ಉರಿದುಹೋಯಿತು. ಕೆಲವೇ ದಿನಗಳಲ್ಲಿ ಪೇಪರಿನಲ್ಲಿ ಬಂತು: ಈ ಸೋಡಾದಲ್ಲಿ ಗ್ಯಾಸೇ ಇಲ್ಲ, ಇರುವ ಗ್ಯಾಸೆಲ್ಲ ಮಾಲೀಕನ ಮಾತಿನಲ್ಲಿದೆ.

ಕಾಕಾ ಅದನ್ನು ಕತ್ತರಿಸಿಕೊಂಡು ಕುಣಿಯುತ್ತ ಬಂದ. “ನೋಡವ್ವಾ, ಹೆಂಗ ಬೈದಾನ! ಚೂರೂ ಸಂಬಂಧ ಉಳಿದಿಲ್ಲ!”

ಒಂದು ವರದಿ ಸಾಲದು, ಇನ್ನೂ ಬೇಕು ಎಂದೆ.

“ಇನ್ನೂ ಎಷ್ಟು ಮಂದಿ ಜೋಡಿ ಜಗಳ ಆಡ್ಲಿ?” ಎಂದು ಕುರ್ಚಿಯಲ್ಲಿ ಕುಸಿದ. ಕಟ್ಟೆಯ ಮೇಲೆ ಈಗ ಒಬ್ಬನೇ ಕೂತು ಇಬ್ಬರ ಕವಡೆಯನ್ನೂ ತಾನೇ ಹಾಕುತ್ತಾನಂತೆ. “ಗೆದ್ದರೂ ಮಜಾ ಬರ್ಲಿಕತ್ತಿಲ್ಲವ್ವಾ.” ನನಗೆ ಅಯ್ಯೋ ಅನಿಸಿತು. ನಿಯಮದ ಮೇಲೂ ನನ್ನ ಮೇಲೂ ಸಿಟ್ಟು ಬಂತು. ಆದರೂ ನಿಯಮ ನಿಯಮವೇ.

ಮಳೆಗಾಲದಲ್ಲಿ ಇನ್ನೊಂದು ವರದಿ ಬಂತು, ಅರ್ಧ ಪುಟ. ಇಂಥ ಸೋಡಾ ಚಿತ್ತಾಪುರ, ಸೇಡಂ, ಚಿಂಚೋಳಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲವಂತೆ. ಬರೆದವನು ಅದೇ ವರದಿಗಾರ. ನನಗೆ ಸಂಶಯ ಬಂದು ಫೋನ್ ಮಾಡಿದೆ.

“ಕಾಕಾ, ಮತ್ತ ಮಾತು ಶುರು ಆಗ್ಯಾವೇನ್ರಿ?”

“ಹೂಂ. ಅವನೇ ಬಂದು ಸೋಡಾ ಕೇಳಿದ. ಕುಡಿದು ಓಣಿ ನಡಗೂವಂಗ ತೇಗಿದ. ಈಗರೆ ನಡೀತದೇನು?”

“ನಡಿಯಂಗಿಲ್ರಿ. ಮತ್ತ ಸಂಬಂಧ ಬಂತಲ್ಲ.”

ಆ ಕಡೆಯಿಂದ ಕವಡೆ ಉರುಳಿದ ಸದ್ದು ಕೇಳಿತು.

“ಬಂತವ್ವಾ, ಬಂತು!” ಎಂದ ಕಾಕಾ. “ಫೋನ್ ಇಡು ಇನ್ನ, ನಂದು ಪಾಳಿ ಅದ.”