ಕಲ್ಲಿಗೆ ಊರುಂಟು, ಕೈಗೆ ಹೆಸರಿಲ್ಲ

ಮಣಿಪಾಲದ ಕಾಗೆಗಳೂ ಇನ್ನೂ ಆಕಳಿಸುತ್ತಿರುವ ಹೊತ್ತಿಗೆ ಅಪ್ಪಿ ಕಲಾ ಗ್ಯಾಲರಿಯ ನೆಲಕ್ಕೆ ಮೊಣಕಾಲೂರಿದ್ದಾರೆ. ಬಾಲ್ದಿಯಲ್ಲಿ ಸೆಗಣಿ, ಅದರಲ್ಲಿ ಕಲಸಿದ, ತೆಂಗಿನ ಗೆರಟೆ ಸುಟ್ಟ ಮಸಿ. ಬಲಗೈ ಒಮ್ಮೆ ಬಳಸಿ ಬರುತ್ತದೆ, ಕಪ್ಪು ನೆಲದಲ್ಲಿ ಅರ್ಧಚಂದ್ರ ಮೂಡುತ್ತದೆ. ಪಕ್ಕದಲ್ಲಿ ಇನ್ನೊಂದು. ಹೀಗೆ ಹಿಂದಕ್ಕೆ ಸರಿಯುತ್ತ ಸರಿಯುತ್ತ ಅವರು ಬಾಗಿಲು ಸೇರುತ್ತಾರೆ. ನೆಲ ಸಾರಿಸುವುದೆಂದರೆ ಒಳಗಿನಿಂದ ಹೊರಗೆ. ಆರುವ ತನಕ ಯಮ ಬಂದರೂ ಹೊಸ್ತಿಲಾಚೆ ನಿಂತೇ ಕಾಯಬೇಕು.

ಇಲ್ಲಿ ಇದು ನೆಲವಲ್ಲ, ಬ್ರಹ್ಮಾಂಡ. ಉಡುಪಿಯಲ್ಲಿ ಹುಟ್ಟಿ ಹೊರಗೆ ಹೆಸರು ಮಾಡಿದ ಕಲಾವಿದ ಅಲೆಕ್ಸಾಂಡರ್, ಮನುಷ್ಯನಿಗೂ ಭೂಮಿ-ಆಕಾಶಕ್ಕೂ ಇರುವ ನಂಟನ್ನು ಈ ಕೋಣೆಯಲ್ಲಿ ಕಟ್ಟಿದ್ದಾರೆ. ನಡುವಿನ ಕರಿಕಲ್ಲಿನ ಗುಂಡು ಭೂಮಿ. ನೆಲ ಆರಿದ ಮೇಲೆ ಹರಡುವ ಕಡಲ ಚಿಪ್ಪುಗಳು ನಕ್ಷತ್ರ. ಅಪ್ಪಿಯ ಕೈ ಎಳೆದ ಸುತ್ತುಗಳು ಗ್ರಹಗಳ ದಾರಿ.

ಅಪ್ಪಿ ಬೆಳ್ಮಣ್ಣಿನವರು. ಒಂದು ಕಾಲದಲ್ಲಿ ಅವರು ಸಾರಿಸಿದ ಅಂಗಳಗಳನ್ನು ಸಾಲಾಗಿ ಹಾಸಿದ್ದರೆ ಆ ಸಾಲು ಹೆಬ್ರಿ ದಾಟಿ ಘಟ್ಟ ಹತ್ತುತ್ತಿತ್ತು. ಮನೆ ಮನೆಗೆ ಟೈಲ್ಸ್ ಬಂತು, ಕೆಲಸ ಹೋಯಿತು. ಮಸಿಯಿಂದ ಬೆರಳು ಬಿರಿದಿದೆ, ಮೊಣಕಾಲು ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ. ಒಂದು ವಾರದಿಂದ ಮೊದಲ ಬಸ್ಸಿಗೆ ಹೊರಟು ಬಂದು, ದಿನಕ್ಕೆ ಎರಡು ಬಾಲ್ದಿಯಂತೆ ಪದರದ ಮೇಲೆ ಪದರ ಬಳಿದಿದ್ದಾರೆ. "ವಾಪಸು ಹೋಗುವಾಗ ಕಂಡಕ್ಟರ್ ಮೂಗು ಮುಚ್ಚಿಕೊಂಡೇ ಟಿಕೆಟ್ ಕೊಡ್ತಾನೆ. ನಾನು ಹೇಳಿದೆ, ಇದು ಆಕಾಶ ಮಾರಾಯ, ಸ್ವಲ್ಪ ವಾಸನೆ ಉಂಟು ಅಷ್ಟೇ."

ಇವತ್ತು ಉದ್ಘಾಟನೆ. ಬಾಗಿಲ ಪಕ್ಕ ಹೊಸ ಬೋರ್ಡು ಬಂದಿದೆ. ನಾಲ್ಕನೇ ಕ್ಲಾಸಿನ ಓದಿನಲ್ಲಿ ಅಪ್ಪಿ ಅಕ್ಷರ ಕೂಡಿಸಿ ಓದುತ್ತಾರೆ. ಮೇಲೆ ಕಲಾವಿದನ ಹೆಸರು, ತೆಂಗಿನಕಾಯಿ ಗಾತ್ರದ ಅಕ್ಷರದಲ್ಲಿ. ಕೆಳಗೆ ಸಾಮಗ್ರಿ: ಕಾರ್ಕಳದ ಕಲ್ಲು, ಕಾಪುವಿನ ಚಿಪ್ಪು, ಸೆಗಣಿ, ಮಸಿ, ಕೈ.

ಅವರ ಮುಖ ನೆಲಕ್ಕಿಂತ ಕಪ್ಪಾಗುತ್ತದೆ.

"ಕಲ್ಲಿಗೆ ಊರುಂಟು, ಚಿಪ್ಪಿಗೆ ಊರುಂಟು. ಈ ಕೈ ಎಂತ, ಸಂತೆಯಿಂದ ತಂದದ್ದಾ?"

ಉತ್ತರ ಒಳಗಿನಿಂದ ಬರುತ್ತದೆ. ಬೆಳಗಿನ ಬೆಳಕಿನಲ್ಲಿ ಫೋಟೊ ತೆಗೆಯುತ್ತ ಮೈಮರೆತ ಅಲೆಕ್ಸಾಂಡರ್ ದೂರದ ಮೂಲೆಯಲ್ಲೇ ಉಳಿದುಬಿಟ್ಟಿದ್ದಾರೆ. ಬಾಗಿಲಿಗೂ ಅವರಿಗೂ ನಡುವೆ ಇಡೀ ಬ್ರಹ್ಮಾಂಡ ಹಸಿಹಸಿಯಾಗಿ ಬಿದ್ದಿದೆ.

"ಕೆಲಸ ಮಾಡಿದವರ ಹೆಸರೆಲ್ಲ ಹಾಕುವ ಕ್ರಮ ಇಲ್ಲ ಅಪ್ಪಿಯಕ್ಕ. ಇದರ ಪರಿಕಲ್ಪನೆ ನನ್ನದು, ಅಲ್ವಾ? ಮೊದಲು ನಾನು ದಾಟಿ ಬರಲು ಒಂದು ಹಲಗೆ ಹಾಕಿ, ಗೆಸ್ಟ್ ಬರುವ ಹೊತ್ತಾಯಿತು."

"ಹೌದಾ ಸರ್? ಹಾಗಾದರೆ ನಿಮ್ಮ ಪರಿಕಲ್ಪನೆಯ ಮೇಲೆಯೇ ನಡೆದುಕೊಂಡು ಬನ್ನಿ."

ಅಪ್ಪಿ ಹೊಸ್ತಿಲಿಗೆ ಅಡ್ಡಲಾಗಿ ಕೂತು ವೀಳ್ಯದ ಪೊಟ್ಟಣ ಬಿಚ್ಚುತ್ತಾರೆ. ಹೊರಗೆ ಕಾರಿನ ಬಾಗಿಲು ಬಡಿದ ಸದ್ದು. ಗ್ಯಾಲರಿ ನೋಡಿಕೊಳ್ಳುವ ವಿಕಾಸ್ ಓಡಿ ಬರುತ್ತಾನೆ.

"'ಸ್ಥಳೀಯ ಮಹಿಳೆಯ ಸಹಕಾರದಿಂದ' ಅಂತ ಸೇರಿಸುವಾ ಅಕ್ಕ?"

"ಸ್ಥಳೀಯ ಅಂದರೆ ಎಂತ? ನಾನು ಎರಡು ಬಸ್ ಹಿಡಿದು ಬರುವವಳು. ನನಗೆ ಹೆಸರು ಉಂಟು. ವೋಟಿನ ಸಮಯಕ್ಕೆ ಎಲ್ಲರಿಗೂ ಗೊತ್ತಿರ್ತದೆ."

ವಿಕಾಸ್ ಮೂಲೆಯ ಕಡೆ ನೋಡುತ್ತಾನೆ. ಅಲೆಕ್ಸಾಂಡರ್ ಒಂದು ಕಾಲು ಎತ್ತುತ್ತಾರೆ, ಕೆಳಗಿನ ಸುತ್ತುಗಳನ್ನು ನೋಡುತ್ತಾರೆ, ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಕೊಕ್ಕರೆಯೂ ಅಷ್ಟು ಹೊತ್ತು ಒಂಟಿ ಕಾಲಲ್ಲಿ ನಿಲ್ಲಲಾರದು.

"ಬರೆಯಿರಿ ವಿಕಾಸ್," ಎನ್ನುತ್ತಾರೆ ಕೊನೆಗೆ, ಮೆಲ್ಲಗೆ. "ಅವರು ಹೇಳುವುದು ಸರಿ."

ವಿಕಾಸ್ ಮಾರ್ಕರ್ ತಂದು 'ಕೈ' ಎಂಬುದನ್ನು ಹೊಡೆದುಹಾಕುತ್ತಾನೆ, ಅದರ ಕೆಳಗೆ 'ಅಪ್ಪಿ, ಬೆಳ್ಮಣ್' ಎಂದು ಬರೆಯುತ್ತಾನೆ. ಅಪ್ಪಿ ಎದ್ದು, ಬೋರ್ಡಿಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಮೇಲಿನಿಂದ ಕೆಳಗೆ ಓದುತ್ತಾರೆ.

"ಹೆಸರು ಸರಿ ಉಂಟು ಮಗಾ, ಜಾಗ ಸರಿ ಇಲ್ಲ. ದನ ಹಾಕಿದ್ದು ಮೇಲೆ, ನಾನು ಕೆಳಗೆಯಾ? ಸರ್‌ನ ಹೆಸರಿನ ಪಕ್ಕ ಬೇಡ, ಅಷ್ಟು ಆಸೆ ಇಲ್ಲ. ಸೆಗಣಿಗಿಂತ ಮೇಲೆ ಬರೆ, ಸಾಕು. ಆಮೇಲೆ ಹಲಗೆ ಹಾಕುವಾ."