ಚನಿಯಣ್ಣನ ಗೆರೆ

ನಮ್ಮ ಬೆಳ್ಳೂರಿನ ತಂಡದಲ್ಲಿ ಏಳು ಜನ. ಆರು ಜನ ಮೈಗಳ್ಳರು, ಏಳನೆಯವರು ಚನಿಯಣ್ಣ. ಆ ಆರರಲ್ಲಿ ನಾನೂ ಒಬ್ಬ ಎಂದು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ.

ಚನಿಯಣ್ಣನಿಗೆ ಈಗ ನಲವತ್ತನಾಲ್ಕು. ಕಲ್ಲು ಕಟ್ಟುವ ಮೇಸ್ತ್ರಿ. ನಮ್ಮ ಕಡೆ ಮನೆ ಕಟ್ಟುವುದು ಕೆಂಪುಕಲ್ಲಿನಲ್ಲಿ. ಅದರ ತೂಕ ಎಷ್ಟೆಂದು ಎತ್ತಿದವರ ಸೊಂಟವನ್ನೇ ಕೇಳಬೇಕು. ಇಪ್ಪತ್ತೈದು ವರ್ಷ ಎತ್ತಿದ್ದರಿಂದ ಅವರ ಮೊಣಕಾಲಿನ ಚಿಪ್ಪು ಸವೆದಿದೆ, ಓಡಲು ಆಗುವುದಿಲ್ಲ. ಆದರೆ ಹಿಡಿದದ್ದನ್ನು ಬಿಡುವ ಕೈಯಲ್ಲ. ಹಾಗಾಗಿ ಗೋಲು ಕಾಯಲು ಅವರನ್ನು ನಿಲ್ಲಿಸಿದ್ದೇವೆ.

ಎಡನೀರಿನಿಂದ ಸೀತಾಂಗೋಳಿಯವರೆಗಿನ ಆರು ತಂಡಗಳು ಸೇರಿ ಮಳೆ ಬಿಟ್ಟ ಮೇಲೆ ಮೇ ತಿಂಗಳವರೆಗೆ ಪ್ರತಿ ಆದಿತ್ಯವಾರ ನಮ್ಮೂರ ಪದವು, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ, ಫುಟ್‌ಬಾಲ್ ಆಡುತ್ತೇವೆ. ಕಪ್ಪಿಲ್ಲ, ಹಣವಿಲ್ಲ. ಇರುವುದು ಒಂದೇ ಕಟ್ಟಳೆ. ಕೊನೆಯ ಸ್ಥಾನಕ್ಕೆ ಬಂದ ತಂಡಕ್ಕೆ ಮುಂದಿನ ವರ್ಷವಿಡೀ ಮೈದಾನದ ಚಾಕರಿ. ಬೆಳಿಗ್ಗೆ ಬೇಗ ಬಂದು ಸುಣ್ಣದ ಗೆರೆ ಹಾಕಬೇಕು, ಬಲೆ ಕಟ್ಟಬೇಕು, ಕಾಲಿಗೆ ಚುಚ್ಚುವ ಕಲ್ಲು ಹೆಕ್ಕಬೇಕು, ಕುಡಿಯುವ ನೀರಿನ ಡ್ರಮ್ಮು ತುಂಬಿಸಬೇಕು.

ನಾವು ಮೂರು ವರ್ಷದಿಂದ ಕೊನೆಯಲ್ಲೇ ಇದ್ದೇವೆ. ಹೆಸರಿಗೆ ತಂಡದ ಚಾಕರಿ, ಮಾಡುವವರು ಚನಿಯಣ್ಣ ಒಬ್ಬರೇ. ಮೊದಲ ವರ್ಷ ಸರದಿ ಪ್ರಕಾರ ಹೋಗುವುದೆಂದು ಮಾತಾಗಿತ್ತು. ಒಬ್ಬನಿಗೆ ಜ್ವರ, ಇನ್ನೊಬ್ಬನಿಗೆ ಮದುವೆ, ಮತ್ತೊಬ್ಬನಿಗೆ ಮಾವನ ಮನೆ. ನನ್ನ ಸರದಿಯ ದಿನ ನಾನು ಏನು ಹೇಳಿ ತಪ್ಪಿಸಿಕೊಂಡೆ ಎಂಬುದು ನೆನಪಿಲ್ಲ, ಏನಾದರೂ ಹೇಳಿರುತ್ತೇನೆ. ನಾಲ್ಕನೇ ವಾರಕ್ಕೆ ಚನಿಯಣ್ಣ ಕೇಳುವುದನ್ನೇ ಬಿಟ್ಟರು.

ಗೆರೆ ಹಾಕಲು ನಿಜವಾಗಿ ಇಬ್ಬರು ಬೇಕು. ಎರಡು ಮೂಲೆಗಳಲ್ಲಿ ಮರದ ಗೂಟ ಇದೆ. ಒಬ್ಬ ನೂಲು ಎಳೆದು ಹಿಡಿದರೆ ಇನ್ನೊಬ್ಬ ಗೋಲು ಕಂಬದ ಹತ್ತಿರ ಕೂತು, ನೂಲು ಎರಡೂ ಕಂಬಕ್ಕೆ ತಾಗುತ್ತದೋ ಎಂದು ನೋಡಬೇಕು. ಆಮೇಲೆ ತೂತು ಕೊರೆದ ಡಬ್ಬಿಯಿಂದ ನೂಲಿನ ಗುಂಟ ಸುಣ್ಣ ಸುರಿಯುವುದು. ಚನಿಯಣ್ಣ ಒಬ್ಬರೇ ಆದ್ದರಿಂದ ಎರಡು ಗೂಟಕ್ಕೂ ನೂಲು ಕಟ್ಟಿ, ಈಚೆ ಆಚೆ ನಡೆದು, ಕೂತು, ಎದ್ದು, ಆ ಮೊಣಕಾಲಿನಲ್ಲಿ ಎಲ್ಲವನ್ನೂ ನೋಡುತ್ತಿದ್ದರು. ಆದರೂ ಮೂರು ವರ್ಷದಲ್ಲಿ ಅವರ ಗೆರೆ ಕೂದಲೆಳೆಯಷ್ಟು ಆಚೀಚೆ ಆದದ್ದಿಲ್ಲ. ಗೋಡೆಗೆ ಹಿಡಿಯುವ ನೂಲನ್ನೇ ಮೈದಾನಕ್ಕೂ ತರುತ್ತಿದ್ದರು.

ಗೆರೆಗೆ ನಮ್ಮಲ್ಲಿ ಇನ್ನೊಂದು ಬೆಲೆಯೂ ಇದೆ. ರೆಫ್ರಿ ಎಂದು ಇರುವುದು ರಿಕ್ಷಾ ಓಡಿಸುವ ಕುಂಞಣ್ಣ ಒಬ್ಬರೇ. ಚೆಂಡು ಒಂದು ಕಡೆ ಇದ್ದರೆ ಅವರ ಹೊಟ್ಟೆ ಇನ್ನೊಂದು ಕಡೆ ಇರುತ್ತದೆ. ಆದ್ದರಿಂದ ಗೆರೆಯ ವಿಷಯದಲ್ಲಿ ತಕರಾರು ಬಂದರೆ ಗೆರೆ ಹಾಕಿದವನನ್ನೇ ಕೇಳುವುದು, ಅವನು ಯಾವ ತಂಡದವನೇ ಆಗಲಿ. ಅವನ ಮಾತೇ ಕೊನೆ. ಇಷ್ಟು ವರ್ಷ ಆ ಮಾತಿನಲ್ಲಿ ಯಾರೂ ಮೋಸ ಮಾಡಿದ್ದಿಲ್ಲ.

ಈ ಸಲ ಕೊನೆಯ ಪಂದ್ಯ ಸೀತಾಂಗೋಳಿಯವರ ಜೊತೆ. ಇಬ್ಬರದೂ ಒಂದೇ ಅಂಕ, ಗೋಲಿನ ಲೆಕ್ಕದಲ್ಲಿ ನಾವು ಒಂದು ಕೂದಲು ಮೇಲೆ. ಸೋಲದೆ ಸಮ ಮಾಡಿಕೊಂಡರೂ ಸಾಕು, ಚಾಕರಿ ಅವರ ಹೆಗಲಿಗೆ. ನಮಗೆ ಆರು ಜನರಿಗೆ ಇದರಿಂದ ಆಗುವುದೂ ಇಲ್ಲ, ಹೋಗುವುದೂ ಇಲ್ಲ. ಆಗುವುದಿದ್ದರೆ ಚನಿಯಣ್ಣನಿಗೆ. ಅವರ ಹೆಂಡತಿ ತುಂಗಕ್ಕ, ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಅವರನ್ನು ಹಂಗಿಸಿ ಹಂಗಿಸಿ ಸುಸ್ತಾಗಿ ಈಗ ಸುಮ್ಮನಾಗಿದ್ದಾರಂತೆ. ಆ ಗುರುವಾರ ಚಹಾದಂಗಡಿಯಲ್ಲಿ ಸಿಕ್ಕಾಗ ಚನಿಯಣ್ಣ ಗ್ಲಾಸು ಕೆಳಗಿಟ್ಟು ಹೇಳಿದ್ದರು.

“ಒಂದು ಆದಿತ್ಯವಾರ ಎಂಟು ಗಂಟೆವರೆಗೆ ಮಲಗ್ಬೇಕು ಮಾರಾಯ. ನನಗೆ ಬೇರೆ ಎಂತ ಬೇಡ.”

ಮನುಷ್ಯ ದೇವರ ಹತ್ತಿರ ಕೇಳುವಂಥದ್ದೇ ಅದು? ನನಗೆ ನಾಚಿಕೆಯಾಯಿತು. ನಾಚಿಕೆ ಆದದ್ದು ಅಷ್ಟೇ, ಆದಿತ್ಯವಾರ ಬೆಳಿಗ್ಗೆ ನಾನೂ ಹೋಗಲಿಲ್ಲ.

ಶನಿವಾರ ಅವರು ಸೀತಾಂಗೋಳಿಯಲ್ಲಿ ಜೋಯ್‌ಸ್ಟನ್ ಎಂಬವನ ಹೊಸ ಮನೆಯ ಗೋಡೆ ಕಟ್ಟಿ, ಕತ್ತಲಾಗುವಾಗ ಬಸ್ಸು ಹಿಡಿದಿದ್ದರು. ಈ ಜೋಯ್‌ಸ್ಟನ್ ಗಲ್ಫಿನಿಂದ ಬಂದ ಹುಡುಗ, ಸೀತಾಂಗೋಳಿ ತಂಡದ ನಾಯಕನೂ ಅವನೇ. ವಾರವಿಡೀ ಅವನ ಮನೆಗೆ ಗೋಡೆ, ಆದಿತ್ಯವಾರ ಅವನ ಚೆಂಡಿಗೆ ತಡೆ. ಮರುದಿನ ಬೆಳಿಗ್ಗೆ ಆರಕ್ಕೆ ಚನಿಯಣ್ಣ ಪದವಿನಲ್ಲಿದ್ದರು. ಬೇರೆಯವರ ಎರಡು ಪಂದ್ಯ ಮುಗಿದು ಸಂಜೆ ನಾಲ್ಕಕ್ಕೆ ನಾವು ಹೋದಾಗ ಬಲೆ ಕಟ್ಟಿತ್ತು, ನೀರು ತುಂಬಿತ್ತು, ಅವರು ಕಂಬಕ್ಕೆ ಒರಗಿ ಕೂತಲ್ಲೇ ತೂಕಡಿಸುತ್ತಿದ್ದರು.

ಪಂದ್ಯದ ಬಗ್ಗೆ ಹೆಚ್ಚು ಕೊಚ್ಚಿಕೊಳ್ಳಲು ಏನೂ ಇಲ್ಲ. ಕಾದ ಕೆಂಪುಮಣ್ಣಿನ ಮೇಲೆ ಹದಿನಾಲ್ಕು ಜನ ಏದುಸಿರು ಬಿಟ್ಟೆವು. ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವ ನಮ್ಮ ಗಣೇಶಪ್ರಸಾದ ಜಾರಿ ಬಿದ್ದಾಗ ಮೊಣಕಾಲಿಗೆ ತಾಗಿ ಚೆಂಡು ಒಳಗೆ ಹೋಯಿತು, ಅದು ನಮ್ಮ ಗೋಲು. ಜೋಯ್‌ಸ್ಟನ್ ಸರಿಯಾಗಿಯೇ ಹೊಡೆದ, ಅದು ಅವರದು. ವಿರಾಮದಲ್ಲಿ ನೀರು ತಲೆಗೆ ಸುರಿದುಕೊಂಡು ಕೂತೆವು. ದ್ವಿತೀಯಾರ್ಧದಲ್ಲಿ ನಾವು ಆಡಿದ್ದಲ್ಲ, ಅಡ್ಡ ನಿಂತದ್ದು. ನನ್ನ ಮೀನಖಂಡ ಎರಡು ಸಲ ಹಿಡಿದುಕೊಂಡಿತು. ಚನಿಯಣ್ಣ ನಾಲ್ಕು ಸಲ ನೆಲಕ್ಕೆ ಬಿದ್ದು ಚೆಂಡು ಹಿಡಿದರು. ಪ್ರತಿ ಸಲ ಏಳುವಾಗ ಮೊದಲು ಒಂದು ಕೈ, ಆಮೇಲೆ ಒಂದು ಮೊಣಕಾಲು, ಆಮೇಲೆ ಸ್ವಲ್ಪ ಹೊತ್ತು ಹಾಗೆಯೇ.

ಮುಗಿಯಲು ಎರಡೋ ಮೂರೋ ನಿಮಿಷ ಇರುವಾಗ ಜೋಯ್‌ಸ್ಟನ್ ನನ್ನನ್ನು ದಾಟಿ ಹೋಗಿ ಎಡಗಡೆಯ ಕಂಬದ ಬುಡಕ್ಕೆ ಹೊಡೆದ. ಚನಿಯಣ್ಣ ಎಡಕ್ಕೆ ಹಾರಿದರು. ಚೆಂಡನ್ನು ಎರಡು ಕೈಯಲ್ಲಿ ನೆಲಕ್ಕೆ ಒತ್ತಿ ಹಿಡಿದು ಅಲ್ಲೇ ಬಿದ್ದುಕೊಂಡರು. ಗೆದ್ದೆವು ಎಂದುಕೊಂಡೆ ನಾನು, ಸಮ ಆಗುವುದೂ ನಮಗೆ ಗೆದ್ದ ಹಾಗೆಯೇ.

ಆಗ ಸೀತಾಂಗೋಳಿಯವರು ಗೋಲು, ಗೋಲು ಎಂದು ಕೂಗತೊಡಗಿದರು. ಹತ್ತಿರ ಹೋಗಿ ನೋಡಿದೆ. ಚೆಂಡು ಸುಣ್ಣದ ಗೆರೆಯಿಂದ ಪೂರ್ತಿ ಆಚೆ ಇತ್ತು. ಆದರೆ ಕಂಬದಿಂದ ಈಚೆ ಇತ್ತು. ಎಡಗಂಬದ ಹತ್ತಿರ ಗೆರೆ ಒಂದು ಗೇಣಿಗಿಂತ ಹೆಚ್ಚು ಮುಂದಕ್ಕೆ ಬಂದಿತ್ತು, ಬಲಗಂಬದ ಹತ್ತಿರ ಅದಕ್ಕಿಂತ ಸ್ವಲ್ಪ ಕಡಿಮೆ. ಅಂದರೆ ಚನಿಯಣ್ಣನ ಗೆರೆ ಓರೆಯಾಗಿತ್ತು. ಇಡೀ ದಿನ ಯಾರೂ ಗಮನಿಸಿರಲಿಲ್ಲ.

ಕುಂಞಣ್ಣ ಏದುಸಿರು ಬಿಡುತ್ತಾ ಬಂದು, ಚೆಂಡು ಅಲ್ಲಾಡಿಸಬೇಡಿ ಎಂದು ಕೈ ಅಡ್ಡ ಹಿಡಿದರು. ಕಂಬ ನೋಡಬೇಕು ಎಂದು ನಾವು, ಹಾಗಾದರೆ ಗೆರೆ ಯಾಕೆ ಎಂದು ಸೀತಾಂಗೋಳಿಯವರು. ಕುಂಞಣ್ಣ ಸುಸ್ತಾಗಿ ಸೊಂಟಕ್ಕೆ ಕೈ ಕೊಟ್ಟು ನಿಂತು ಕಟ್ಟಳೆಯ ಪ್ರಕಾರವೇ ಕೇಳಿದರು.

“ಚನಿಯ, ಗೆರೆ ಹಾಕಿದ್ದು ನೀನು. ತಪ್ಪಿದ್ರೆ ತಪ್ಪಿದೆ ಅಂತ ಹೇಳು, ನಾನು ಕಂಬ ನೋಡ್ತೇನೆ. ಗೋಲಿಲ್ಲ. ಸರಿ ಉಂಟಾದ್ರೆ ಗೋಲು.”

ನನಗೆ ಜೀವ ಬಂತು. ಒಂದೇ ಒಂದು ಮಾತು, ಅದೂ ಸತ್ಯದ ಮಾತು. ಹೇಳಿದರೆ ಇಡೀ ವರ್ಷದ ನಿದ್ದೆ ಅವರದು. ಅಷ್ಟರಲ್ಲಿ ಜೋಯ್‌ಸ್ಟನ್ ಮುಂದೆ ಬಂದ. ಅವನ ಮಾತಿನಲ್ಲಿ ಕುಹಕ ಇರಲಿಲ್ಲ, ನಂಬಿಕೆಯೇ ಇತ್ತು, ಅದೇ ಹಾಳಾದದ್ದು.

“ಚನಿಯಣ್ಣ ಹೇಳಿದ ಹಾಗೆ ಆಗ್ಲಿ. ಅವರು ಹಿಡಿದ ನೂಲು ತಪ್ಪುದಿಲ್ಲ. ನಮ್ಮ ಮನೆ ಗೋಡೆ ನೋಡಿದ್ರೆ ಗೊತ್ತಾಗ್ತದೆ.”

ಚನಿಯಣ್ಣ ಎದ್ದು ಕೂತರು. ಅಂಗಿಯ ಎದೆಗೆ ಸುಣ್ಣ ಮೆತ್ತಿತ್ತು. ಬಲಗಂಬದಿಂದ ಎಡಗಂಬದವರೆಗೆ ಗೆರೆಯನ್ನು ಒಮ್ಮೆ ನೋಡಿದರು. ಓರೆ ಎಲ್ಲಿಂದ ಶುರುವಾಯಿತು ಎಂದು ಅವರ ಕಣ್ಣಿಗೆ ಆ ಕ್ಷಣವೇ ಗೊತ್ತಾಗಿರಬೇಕು. ಮುಖ ಒಣಗಿತು. ತಪ್ಪಿದೆ ಎಂದು ಹೇಳಿಬಿಡಿ, ಹೇಳಿಬಿಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

“ಗೆರೆ ಸರಿಯೇ ಉಂಟು,” ಎಂದರು ಚನಿಯಣ್ಣ. “ಕಂಬ ಸರಿ ಇಲ್ಲ.”

ಕಾಂಕ್ರೀಟ್ ಹಾಕಿ ನಿಲ್ಲಿಸಿದ ಕಬ್ಬಿಣದ ಕಂಬ ಅದು. ಕುಂಞಣ್ಣ ಒಮ್ಮೆ ಕಂಬ ನೋಡಿದರು, ಒಮ್ಮೆ ಚನಿಯಣ್ಣನನ್ನು ನೋಡಿದರು, ವಿಸಿಲ್ ಊದಿದರು. ಎರಡು ಒಂದು. ಉಳಿದ ನಿಮಿಷಗಳಲ್ಲಿ ಏನೂ ಆಗಲಿಲ್ಲ, ಚಾಕರಿ ಮತ್ತೆ ನಮ್ಮ ಹೆಗಲಿಗೆ. ಗಣೇಶಪ್ರಸಾದ ಬೂಟು ಬಿಚ್ಚಿ ನೆಲಕ್ಕೆ ಬಡಿದ. ಜೋಯ್‌ಸ್ಟನ್ ಚನಿಯಣ್ಣನ ಕೈ ಹಿಡಿದು ಎಬ್ಬಿಸಿ, ನಾಳೆ ಲಿಂಟಲ್ ಕೆಲಸಕ್ಕೆ ಸ್ವಲ್ಪ ಬೇಗ ಬರಬೇಕು ಎಂದು ನೆನಪಿಸಿ ಹೋದ.

ನನಗೆ ಕೋಪ ಬಂದಿತ್ತು. ಬೈಕಿನಲ್ಲಿ ಅರ್ಧ ದಾರಿ ಹೋದವನು ಟವೆಲು ಮರೆತೆನೆಂದು ತಿರುಗಿ ಬಂದೆ. ಟವೆಲು ಹೆಗಲಲ್ಲೇ ಇತ್ತು, ಬಂದದ್ದು ಜಗಳಕ್ಕೆ. ಸೂರ್ಯ ಮುಳುಗುವುದರಲ್ಲಿದ್ದ. ಚನಿಯಣ್ಣ ಎಡಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಜಲ್ಲಿ ತಂದ ಲಾರಿಯ ಚಕ್ರವೋ ಏನೋ ತಾಗಿ ಆ ಮೂಲೆಯ ಗೂಟ ಕಿತ್ತುಹೋಗಿತ್ತು, ಅದನ್ನು ಯಾರೋ ಪುಣ್ಯಾತ್ಮರು ಒಂದು ಹೆಜ್ಜೆ ಮುಂದೆ ಊರಿ ಹೋಗಿದ್ದರು. ಮೊದಲಿನ ಗುಂಡಿ ಅಲ್ಲೇ ಬಾಯಿ ತೆರೆದುಕೊಂಡಿತ್ತು. ನಿದ್ದೆಗಣ್ಣಿನಲ್ಲಿ ಗೂಟ ಕಂಡಲ್ಲಿಗೆ ನೂಲು ಕಟ್ಟಿದ್ದರು. ಕಂಬದ ಹತ್ತಿರ ಕೂತು ನೋಡಲು ಇನ್ನೊಬ್ಬ ಇದ್ದಿದ್ದರೆ ಆಗಲೇ ಗೊತ್ತಾಗುತ್ತಿತ್ತು.

ಜಗಳಕ್ಕೆ ತಂದಿದ್ದ ಮಾತಿನಲ್ಲಿ ಅರ್ಧ ಅಲ್ಲೇ ಸತ್ತುಹೋಯಿತು. ಉಳಿದರ್ಧ ಹೇಳಿದೆ.

“ತಪ್ಪಿದೆ ಅಂತ ಒಂದು ಮಾತು ಹೇಳಿದ್ರೆ ಎಂತ ಹೋಗ್ತಿತ್ತು ಚನಿಯಣ್ಣ? ಒಂದು ವರ್ಷ ಮಲಗ್ಬಹುದಿತ್ತು ನೀವು.”

ಅವರು ಹಳೆಯ ಗುಂಡಿಗೆ ಗೂಟ ಇಟ್ಟು, ಕಲ್ಲಿನಿಂದ ನಾಲ್ಕು ಪೆಟ್ಟು ಕೊಟ್ಟು, ಅಲ್ಲಾಡಿಸಿ ನೋಡಿದರು. ಆಮೇಲೆ ತಲೆ ಎತ್ತದೆಯೇ ಹೇಳಿದರು.

“ಮೇಸ್ತ್ರಿಯ ನೂಲು ತಪ್ಪಿದ್ದು ಅಂತ ಅಷ್ಟು ಜನರ ಎದುರು ಹೇಳಿ ಮನೆಗೆ ಹೋದ್ರೆ ನಿದ್ದೆ ಬರ್ತಿತ್ತಾ ಮಾರಾಯ?”

ಅವರು ಗೂಟಕ್ಕೆ ನೂಲು ಕಟ್ಟಿ, ಉಂಡೆ ಬಿಚ್ಚುತ್ತಾ ಆಚೆ ಮೂಲೆಯ ಕಡೆ ಕುಂಟುತ್ತಾ ಹೊರಟರು, ಈಗಲೇ ಸರಿ ನೋಡದಿದ್ದರೆ ಊಟ ಸೇರುವುದಿಲ್ಲ ಎನ್ನುವವರ ಹಾಗೆ. ನಾಲ್ಕು ಹೆಜ್ಜೆ ನೋಡಿದೆ. ಆಮೇಲೆ ಅವರನ್ನೂ ನನ್ನನ್ನೂ ಬೈದುಕೊಂಡು ಹೋಗಿ ಕಂಬದ ಬುಡದಲ್ಲಿ ಕೂತು, ನೂಲು ತಾಗುತ್ತದೋ ಎಂದು ಕಣ್ಣಿಟ್ಟೆ. ಮುಂದಿನ ವರ್ಷ ನನ್ನ ಆದಿತ್ಯವಾರದ ನಿದ್ದೆಯೂ ಹೋಯಿತು ಎಂದು ಆಗಲೇ ಗೊತ್ತಾಯಿತು.